ಬಾವಿಯ ಕಡೆಯ ಕಸ

ಕೊಪ್ಪಳ
೩ ಜುಲೈ ೧೯೩೭

ತಂಗಿ ಕಳಕಮ್ಮನಿಗೆ ಕೊಟ್ರಬಸಪ್ಪನ ಆಶೀರ್ವಾದ. ನಿನ್ನ ಕೆಮ್ಮು ಇಳಿಯಿತೇ, ಮೊದಲು ಅದನ್ನು ಬರೆ.

ಒಂದು ಸಂತೋಷದ ಸುದ್ದಿ. ನಮ್ಮ ನೀಲವ್ವನಿಗೆ ಗಂಗಾವತಿಯಿಂದ ಸಂಬಂಧ ಬಂದಿದೆ. ಹುಡುಗನ ತಂದೆ ಕರಿಬಸಪ್ಪನವರು. ಮರಳಿಯಲ್ಲಿ ಅವರಿಗೆ ಭತ್ತದ ಗದ್ದೆಗಳಿವೆ. ನಾನಾದರೋ ವಕೀಲರ ಕೈಕೆಳಗಿನ ಒಬ್ಬ ಕಾರಕೂನ. ಅಂಥವರು ತಾವಾಗಿ ನನ್ನ ಮಗಳನ್ನು ಕೇಳಿದ್ದು ಅಪ್ಪನ ಹೆಸರಿನಿಂದ, ನನ್ನಿಂದಲ್ಲ. ಶ್ರಾವಣದ ಎರಡನೆಯ ಸೋಮವಾರ ಯಲಬುರ್ಗಾಕ್ಕೆ ಬಂದು ನಿಮ್ಮ ತಂದೆ ದೊಡ್ಡಬಸಪ್ಪನವರ ಮನೆ, ತೋಟ ಎಲ್ಲ ನೋಡಿಕೊಂಡು ಹೋಗುತ್ತೇವೆ ಎಂದಿದ್ದಾರೆ.

ಮನೆಯ ಚಿಂತೆ ನನಗಿಲ್ಲ, ನೀನಿದ್ದೀ. ತೋಟದ್ದೇ ಚಿಂತೆ. ಈಗ ಮಳೆಯಾಗಿದೆ, ಕಸ ಎದ್ದಿರುತ್ತದೆ. ಅವರು ಬರುವುದರೊಳಗೆ ತೆಗೆಸಿಬಿಡು. ಮೇಲೆ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಬೇರುಸಹಿತ ಹೋಗಬೇಕು. ಬಾವಿಯ ಕಡೆಯದಂತೂ ಯಾರ ಕಣ್ಣಿಗೂ ಬೀಳಬಾರದು. ನೀನು ಜಾಣೆ, ಹೆಚ್ಚು ಬರೆಯಬೇಕಾಗಿಲ್ಲ.


ಯಲಬುರ್ಗಾ
೧೦ ಜುಲೈ ೧೯೩೭

ಅಣ್ಣನವರಿಗೆ ಕಳಕಮ್ಮನ ಶರಣಾರ್ಥಿ.

ಕೆಮ್ಮು ಇಳಿದಿದೆ. ನೀಲವ್ವನ ಸುದ್ದಿಯನ್ನು ಎರಡು ಸಲ ಓದಿದೆ. ನಿನ್ನೆ ಮೊನ್ನೆ ನನ್ನ ಸೆರಗು ಹಿಡಿದು ಬೆಲ್ಲ ಕೇಳುತ್ತಿದ್ದವಳು. ಅವಳಿಗೆ ಒಳ್ಳೆಯದಾಗಲಿ.

ತೋಟದಲ್ಲಿ ಕಸವಿಲ್ಲ. ಮಳೆ ನಿಂತ ಮೂರನೆಯ ದಿನವೇ ದುರುಗವ್ವ, ಪಂಪಮ್ಮ, ತಾಯಿ ಮಗಳಿಬ್ಬರೂ ಕುರ್ಪಿ ಹಿಡಿದು ಕೂತಿದ್ದರು. ಬದನೆಯ ಮಡಿ, ಮೆಣಸಿನಕಾಯಿಯ ಮಡಿ, ಪೇರಲ ಗಿಡಗಳ ಬುಡ ಎಲ್ಲವೂ ಬಾಚಿದ ತಲೆಯಂತಿವೆ. ದುರುಗವ್ವ ಹತ್ತರಕಿ ಸೊಪ್ಪನ್ನು ಮಾತ್ರ ಅಲ್ಲಲ್ಲಿ ಬಿಟ್ಟಿದ್ದಳು. ಇದನ್ನೇಕೆ ಬಿಟ್ಟೆ ಎಂದರೆ, “ಇದು ಕಸ ಅಲ್ರೀ ಅವ್ವಾರ, ಪಲ್ಲೆ. ಸಂಜಿಗೆ ರೊಟ್ಟಿ ಕೂಡ ಹಚ್ಚಿಕೊಂಡು ಉಣ್ರಿ” ಎಂದು ಒಂದು ಹಿಡಿ ಕಿತ್ತು ನನ್ನ ಸೆರಗಿಗೆ ಹಾಕಿದಳು. ಅಪ್ಪ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ನಾವು ಬಿತ್ತದೆ ಬಂದದ್ದೆಲ್ಲ ಕಸ, ಬದನೆಯ ಮಡಿಯಲ್ಲಿ ಹುಟ್ಟಿದರೆ ಜೋಳವೂ ಕಸ ಎನ್ನುತ್ತಿದ್ದರು.

ಬಾವಿಯ ಕಡೆ ಎಂದು ಬರೆದಿದ್ದೀರಿ. ಅಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಇರುವುದು ದುರುಗವ್ವನ ಗುಡಿಸಲೊಂದೇ. ನೀವು ಹೇಳುವ ಕಸ ಯಾವುದು? ಬಿಡಿಸಿ ಬರೆಯಿರಿ.


ಕೊಪ್ಪಳ
೧೭ ಜುಲೈ ೧೯೩೭

ಕಳಕಮ್ಮ,

ನಿನ್ನ ಕಾಗದ ಮುಟ್ಟಿತು. ಬಿಡಿಸಿ ಬರೆ ಎಂದರೆ ಏನು ಬರೆಯಲಿ? ಅಪ್ಪ ತೀರಿ ಎರಡು ವರ್ಷವಾಯಿತು. ಅವರ ಕಾಲದ ಎಷ್ಟೋ ಸಂಗತಿಗಳು ಅವರ ಸಂಗಡವೇ ಮುಗಿಯಬೇಕಿತ್ತು, ಮುಗಿದಿಲ್ಲ. ಬರುವವರು ಹಳೆಯ ಕಾಲದ ಮಂದಿ. ಬಾವಿಯ ಹತ್ತಿರ ನಿಂತು ಇದೇನು ಎಂದು ಒಂದು ಮಾತು ಕೇಳಿದರೆ ನಾನು ಯಾವ ಉತ್ತರ ಕೊಡಲಿ? ನಿನ್ನ ಅತ್ತಿಗೆ ಗುರುಲಿಂಗಮ್ಮ ಇದೇ ಚಿಂತೆಯಲ್ಲಿ ಸರಿಯಾಗಿ ಊಟ ಮಾಡುತ್ತಿಲ್ಲ.

ನಾನು ಹೇಳುತ್ತಿರುವುದು ಕಸದ ಮಾತು, ಅಷ್ಟೇ. ತೋಟ ನಿನ್ನ ಕೈಯಲ್ಲಿದೆ. ಆ ಸೋಮವಾರದೊಳಗೆ ಬಾವಿಯ ಕಡೆ ಬಯಲಾಗಿರಲಿ.


ಯಲಬುರ್ಗಾ
೪ ಆಗಸ್ಟ್ ೧೯೩೭

ಅಣ್ಣನವರಿಗೆ,

ಬಯಲಾಗಿದೆ. ದುರುಗವ್ವ ಮತ್ತು ಪಂಪಮ್ಮ ಮೊನ್ನೆ ಸೋಮವಾರ ಬೆಳಿಗ್ಗೆ ಹೋದರು. ಯಾವ ಊರಿಗೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹನುಮಂತಪ್ಪ ಎಂಬವನನ್ನು ಆಳಾಗಿ ಇಟ್ಟುಕೊಂಡಿದ್ದೇನೆ, ಇನ್ನು ಅವನೇ ನೀರು ಹಾಯಿಸುತ್ತಾನೆ. ಗುಡಿಸಲ ಕಟ್ಟಿಗೆಯನ್ನು ಕಿತ್ತು ಒಟ್ಟಿದ್ದಾನೆ. ಸೆಗಣಿಯಿಂದ ಸಾರಿಸಿದ ನೆಲದ ಗುರುತು ಮಾತ್ರ ಉಳಿದಿದೆ. ಒಂದು ಮಳೆ ಬಂದರೆ ಅದೂ ಹೋಗುತ್ತದೆ.

ಎಷ್ಟು ಜನ ಬರುತ್ತೀರಿ ತಿಳಿಸಿ. ಹೋಳಿಗೆಗೆ ಬೇಳೆ ನೋಡಿಕೊಳ್ಳಬೇಕು.


ಕೊಪ್ಪಳ
೨೫ ಆಗಸ್ಟ್ ೧೯೩೭

ತಂಗಿ ಕಳಕಮ್ಮನಿಗೆ,

ಮಾತು ಪಕ್ಕಾ ಆಯಿತು. ಮುಂದಿನ ವೈಶಾಖದಲ್ಲಿ ಮದುವೆ. ಕರಿಬಸಪ್ಪನವರು ನಿನ್ನ ಹೋಳಿಗೆಯನ್ನೂ ನಮ್ಮ ತೋಟವನ್ನೂ ಹಾದಿಯುದ್ದಕ್ಕೂ ಹೊಗಳಿದರು. “ಇಷ್ಟು ಅಚ್ಚುಕಟ್ಟ ತೋಟ ನಾ ನೋಡಿಲ್ರಿ. ಯಾರ ಕೈಗುಣ ಇದು?” ಎಂದು ಕೇಳಿದರು. ನಮ್ಮ ತಂಗಿಯದು ಎಂದೆ.

ಒಂದು ವಿಷಯ ಮನಸ್ಸಿನಲ್ಲಿ ಉಳಿದಿದೆ. ಆವತ್ತು ಜನರ ಮುಂದೆ ಆಡಲಿಲ್ಲ. ನನ್ನ ಕಾಗದಗಳಲ್ಲಿ ದುರುಗವ್ವನ ಹೆಸರು ಎಲ್ಲಿಯೂ ಇರಲಿಲ್ಲ. ಕಸ ತೆಗೆಸು ಎಂದರೆ ನೀನು ಮನುಷ್ಯರನ್ನು ಎಬ್ಬಿಸಿ ಕಳಿಸಿದೆ. ಆದದ್ದು ಆಯಿತು, ನಿನ್ನನ್ನು ದೂರುವುದಿಲ್ಲ. ಊರಲ್ಲಿ ಯಾರಾದರೂ ಕೇಳಿದರೆ ಅವರು ತಾವಾಗಿಯೇ ಹೋದರು ಎಂದು ಹೇಳು. ಕೊಟ್ರಬಸಪ್ಪ ಬರೆದಿದ್ದ ಎಂದು ಮಾತ್ರ ಬಾಯಲ್ಲಿ ಬರಬಾರದು. ನಾನು ಬರೆದಿಲ್ಲ.


ಕೊಪ್ಪಳ
೨೦ ಏಪ್ರಿಲ್ ೧೯೩೮

ಕಳಕಮ್ಮ,

ಇದು ನಾಲ್ಕನೆಯ ಕಾಗದ. ಹಿಂದಿನ ಮೂರಕ್ಕೂ ಉತ್ತರವಿಲ್ಲ. ಮದುವೆಗೆ ಹದಿನೆಂಟು ದಿನ ಉಳಿದಿವೆ. ನೀಲವ್ವ ದಿನಾ “ಅತ್ತಿ ಯಾವಾಗ ಬರ್ತಾಳ?” ಎಂದು ಕೇಳುತ್ತಾಳೆ. ನನ್ನ ಮೇಲೆ ಸಿಟ್ಟಿದ್ದರೂ ಅವಳ ಸಲುವಾಗಿ ಬಾ.


ಯಲಬುರ್ಗಾ
೧೨ ಫೆಬ್ರುವರಿ ೧೯೩೯

ಅಣ್ಣಾ,

ಈ ಕಾಗದದಲ್ಲಿ ನೀವು ಎಂದು ಬರೆಯಲು ಕೈ ಏಳುತ್ತಿಲ್ಲ. ಚಿಕ್ಕಂದಿನಂತೆ ನೀನು ಎಂದೇ ಬರೆಯುತ್ತೇನೆ.

ನೀಲವ್ವನ ಮದುವೆಗೆ ಜ್ವರ ಎಂದು ಹೇಳಿಕಳಿಸಿದೆನಲ್ಲ, ಜ್ವರವಿರಲಿಲ್ಲ. ನಿನ್ನ ಮುಖ ನೋಡಬಾರದೆಂದು ಉಳಿದೆ. ಆ ಕೂಸಿನ ತಲೆಗೆ ಅಕ್ಕಿಕಾಳು ಹಾಕುವ ಭಾಗ್ಯವನ್ನೂ ಕಳೆದುಕೊಂಡೆ.

ನಿನ್ನ ಕಾಗದಗಳೆಲ್ಲ ನನ್ನ ಹತ್ತಿರ ಇವೆ. ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಿನ್ನ ಮಾತು ನಿಜ. ಎಲ್ಲಿಯೂ ಅವಳ ಹೆಸರಿಲ್ಲ. ಯಾವ ಕೋರ್ಟಿಗೆ ಒಯ್ದರೂ ಅಲ್ಲಿ ಇರುವುದು ಬರೀ ಕಸ. ಒಂದೂವರೆ ವರ್ಷ ನಿನ್ನನ್ನು ಮನಸ್ಸಿನಲ್ಲೇ ಬೈದೆ. ಮಾಡಿಸಿದವನು ಅವನು, ನಾನು ಹೇಳಿದ್ದನ್ನು ಕೇಳಿದವಳು ಎಂದು ಸಮಾಧಾನ ಮಾಡಿಕೊಂಡಿದ್ದೆ. ಅದು ಸುಳ್ಳು ಸಮಾಧಾನ.

ಬಿಡಿಸಿ ಬರೆ ಎಂದು ಕೇಳಿದ್ದು ಅವರ ಮೇಲಿನ ಕನಿಕರದಿಂದಲ್ಲ. ನಿನ್ನ ಮೊದಲ ಕಾಗದದಲ್ಲೇ ನನಗೆ ಅರ್ಥವಾಗಿತ್ತು. ಆ ಮಾತು ನಿನ್ನ ಕೈಬರಹದಲ್ಲಿ ಬರಲಿ, ಪಾಪ ನಿನ್ನ ಪಾಲಿಗೆ ಇರಲಿ ಎಂದು ಕೇಳಿದೆ. ನೀನು ಬರೆಯಲಿಲ್ಲ. ಆದರೂ ನಾನು ಮಾಡಿದೆ. ಅವರು ಹೋಗುವುದು ನನಗೂ ಬೇಕಾಗಿತ್ತು.

ಗಂಡ ಸತ್ತು ತೌರಿಗೆ ಬಂದಾಗ ಅಪ್ಪನಿಗೆ ನಾನೊಬ್ಬಳೇ ಮಗಳೆಂದುಕೊಂಡು ಬಂದೆ. ತೋಟದಲ್ಲಿ ಇನ್ನೊಬ್ಬಳಿದ್ದಳು. ಪಂಪಮ್ಮ ಅಪ್ಪನ ಮಗಳೆಂದು ಊರಿಗೆಲ್ಲ ಗೊತ್ತಿತ್ತು. ನಾವಿಬ್ಬರು ಮಾತ್ರ ಎಂದೂ ಬಾಯಿಬಿಟ್ಟು ಆಡಲಿಲ್ಲ. ನನ್ನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದ ಹಾಗೆಯೇ ಅಪ್ಪ ಅವಳಿಗೂ ತಿದ್ದಿಸುತ್ತಿದ್ದರು. ಕಡೆಯ ದಿನಗಳಲ್ಲಿ ನಾನು ಒಯ್ದ ಗಂಜಿಗೆ ಮುಖ ತಿರುಗಿಸಿದರು. ದುರುಗವ್ವ ಕುಡಿಸಿದಾಗ ಕುಡಿದರು. ಅದು ನನ್ನ ಹೊಟ್ಟೆಯಲ್ಲಿ ಕೂತಿತ್ತು. ಅವರು ಹೋದ ಮೇಲೆ ಪಂಪಮ್ಮನಿಗೆ ನಾನು ಓದು ಹೇಳಿಕೊಟ್ಟದ್ದು ಅಪ್ಪ ಮಾತು ತೆಗೆದುಕೊಂಡಿದ್ದರೆಂದು, ಪ್ರೀತಿಯಿಂದಲ್ಲ.

ನಿನಗೆ ಹೇಳದ ಇನ್ನೊಂದು ಮಾತಿದೆ. ಕುಷ್ಟಗಿಯಲ್ಲಿ ಗಂಡನ ಮನೆಯಿಂದ ಗಂಟು ಹಿಡಿದು ಹೊರಟ ದಿನ ನನ್ನ ಅತ್ತೆ ಬಾಗಿಲಲ್ಲಿ ನಿಂತು, ನನಗೆ ಕೇಳಲೆಂದೇ, “ಮನ್ಯಾನ ಕಸ ಹ್ವಾತು” ಎಂದರು. ಬಂಡಿ ಯಲಬುರ್ಗಾ ಮುಟ್ಟುವವರೆಗೂ ಅದೇ ಮಾತು ಕಿವಿಯಲ್ಲಿತ್ತು. ಬಂಡಿ ಇಳಿದಾಗ ಅಪ್ಪ ಊರಲ್ಲಿರಲಿಲ್ಲ. ನನ್ನ ಗಂಟು ಇಳಿಸಿಕೊಂಡು, ಸ್ನಾನಕ್ಕೆ ನೀರು ಕಾಯಿಸಿ, “ಉಣ್ರೀ ಅವ್ವಾರ, ಅಳೋದು ಆಮ್ಯಾಲೆ ಇದ್ದ ಐತಿ” ಎಂದು ತಾಟು ಮುಂದಿಟ್ಟವಳು ದುರುಗವ್ವ. ಮನುಷ್ಯರನ್ನು ಕಸ ಎಂದರೆ ಏನೆಂದು ನನಗೆ ಗೊತ್ತಿತ್ತು, ಅಣ್ಣಾ. ಗೊತ್ತಿದ್ದೂ ಮಾಡಿದೆ.

ಅವರಿಗೆ ಹೋಗಲು ಹೇಳಿದ ದಿನದ ಸಂಗತಿಯನ್ನೂ ನಾನು ಮುಚ್ಚಿಟ್ಟಿದ್ದೆ. ನಾನು ಹೋದಾಗ ದುರುಗವ್ವ ಬದನೆಕಾಯಿ ಬಿಡಿಸುತ್ತಿದ್ದಳು. “ಅಣ್ಣ ಹೇಳ್ಯಾನ, ನೀವು ಇಲ್ಲಿಂದ ಹೋಗಬೇಕಂತ” ಎಂದೆ.

ಅವಳು ಕೈ ನಿಲ್ಲಿಸಿದಳು. “ಅಣ್ಣಾರು ಹೇಳ್ಯಾರ, ಖರೆ. ನೀವೇನಂತೀರ್ರೀ ಅವ್ವಾರ?”

“ನಂದೇನೈತಿ” ಎಂದೆ.

ಎರಡನೆಯ ಸಲ ಕೇಳಲಿಲ್ಲ. ಬುಟ್ಟಿಯನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಇದೇನೂ ತಿಳಿಯದ ಪಂಪಮ್ಮ ಗುಡಿಸಲ ಹಿಂದಿನಿಂದ ಪಾಟಿ ಹಿಡಿದು ಬಂದು, “ಅಕ್ಕಾ, ನಾಳಿ ಪಾಠಕ್ಕ ಎಷ್ಟೊತ್ತಿಗೆ ಬರ್ಲಿ?” ಎಂದಳು. ನಾನು ಬುಟ್ಟಿ ಎತ್ತಿಕೊಂಡು ಬಂದುಬಿಟ್ಟೆ. ಆ ಬದನೆಕಾಯಿಯನ್ನೇ ಎರಡು ದಿನ ಅಡಿಗೆ ಮಾಡಿ ಉಂಡೆ.

ಅವರು ಎಲ್ಲಿದ್ದಾರೆಂದು ನನಗೆ ಗೊತ್ತಿಲ್ಲ. ನಿನಗೆ ಗೊತ್ತಾದರೆ ತಿಳಿಸು.


ಕೊಪ್ಪಳ
೧ ಮಾರ್ಚ್ ೧೯೩೯

ಕಳಕಮ್ಮ,

ಹಳೆಯದನ್ನು ಕೆದಕಿದರೆ ಯಾರಿಗೇನು ಲಾಭ? ನೀನು ಒಬ್ಬಳೇ ಇರುತ್ತೀ, ಕೂತು ಕೂತು ಇಲ್ಲದ್ದನ್ನೆಲ್ಲ ಯೋಚಿಸುತ್ತೀ. ನಿನ್ನ ಮನಸ್ಸಿನಲ್ಲಿದ್ದುದನ್ನು ನನ್ನ ತಲೆಗೆ ಕಟ್ಟಬೇಡ. ನಾನು ಬರೆದದ್ದು ಕಸದ ವಿಷಯ. ಇಂಥ ಕಾಗದ ಇನ್ನೊಮ್ಮೆ ಬರೆಯಬೇಡ, ಮನೆಯಲ್ಲಿ ನಿನ್ನ ಅತ್ತಿಗೆಯೂ ಟಪಾಲು ಒಡೆಯುತ್ತಾಳೆ.


ಕೊಪ್ಪಳ
೧೮ ಸೆಪ್ಟೆಂಬರ್ ೧೯೩೯

ಕಳಕವ್ವಾ,

ಮಾರ್ಚ್ ತಿಂಗಳಲ್ಲಿ ನಾನು ಬರೆದದ್ದನ್ನು ಹರಿದುಹಾಕು. ಇದನ್ನು ಓದು.

ಹೋದ ವಾರ ನೀಲವ್ವನನ್ನು ನೋಡಲು ಗಂಗಾವತಿಗೆ ಹೋಗಿದ್ದೆ. ಬೀಗರು ಕರಿಬಸಪ್ಪನವರು ಗದ್ದೆ ತೋರಿಸುತ್ತೇನೆಂದು ಮರಳಿಗೆ ಕರೆದೊಯ್ದರು. ಭತ್ತದ ಕಸ ತೆಗೆಯುವ ಕಾಲ. ಹತ್ತು ಹನ್ನೆರಡು ಹೆಂಗಸರು ಕೆಸರಲ್ಲಿ ಸಾಲಾಗಿ ಬಗ್ಗಿದ್ದರು. ಬೀಗರು ಬದುವಿನ ಮೇಲೆ ನಿಂತು, “ಏ ದುರುಗವ್ವ, ಬಾ ಇಲ್ಲಿ” ಎಂದು ಕರೆದರು.

ಅವಳೇ. ತಲೆ ಬೆಳ್ಳಗಾಗಿದೆ. ಮೊಣಕಾಲವರೆಗೆ ಕೆಸರು. ಕೈಯಲ್ಲಿ ಕಿತ್ತ ಹುಲ್ಲು. ಅವಳ ಹಿಂದೆ, ಸಾಲಿನಲ್ಲಿ, ಪಂಪಮ್ಮ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ಬಗ್ಗಿದಳು.

“ಕಸ ತೆಗಿಯೋದ್ರಾಗ ಈಕಿ ಸರಿ ಯಾರಿಲ್ರಿ ಬೀಗರ. ಒಂದು ಭತ್ತದ ಪೈರು ಕೆಡಸೂದಿಲ್ಲ. ನಿಮ್ಮ ಯಲಬುರ್ಗಾ ಕಡಿಯಾಕಿ ಅಂತ. ಪರಿಚಯ ಐತೇನ್ರಿ?”

ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಹೊಸ ಪಂಚೆಯನ್ನು ಮೇಲೆತ್ತಿ ಹಿಡಿದುಕೊಂಡು ನಿಂತಿದ್ದೆ. ದುರುಗವ್ವ ನನ್ನ ಮುಖ ನೋಡಿದಳು. ಆಮೇಲೆ ಬೀಗರಿಗೆ, “ಇಲ್ರೀ ಧಣಿ, ಇವರನ್ನ ನಾ ಎಂದೂ ನೋಡಿಲ್ಲ” ಎಂದು ಹೇಳಿ ಸಾಲಿಗೆ ಹೊರಟುಹೋದಳು. ನನ್ನ ಮಾನ ಉಳಿಸಿದಳು, ಕಳಕವ್ವಾ. ಅವಳ ಮನೆ ಕಿತ್ತವನ ಮಾನವನ್ನು ಉಳಿಸಿದಳು. ನಾನು ಅವಳ ಆ ಸುಳ್ಳಿನ ಹಿಂದೆ ನಿಂತುಕೊಂಡೆ. ಮಧ್ಯಾಹ್ನ ಬೀಗರ ಮನೆಯಲ್ಲಿ ಅರ್ಧ ಊಟಕ್ಕೇ ಕೈತೊಳೆದೆ. ನೀಲವ್ವ ಪಿತ್ತವೆಂದುಕೊಂಡು ನಿಂಬೆಹಣ್ಣು ತಂದುಕೊಟ್ಟಳು.

ಈಗ ನೀನು ಕೇಳಿದ್ದನ್ನು ಬಿಡಿಸಿ ಬರೆಯುತ್ತೇನೆ. ಕಸ ಎಂದು ನಾನು ಬರೆದದ್ದು ದುರುಗವ್ವನನ್ನು, ಪಂಪಮ್ಮನನ್ನು. ಎರಡು ಕಡೆಗೆ ಹೊರಳುವ ಮಾತು ಬರೆಯುವುದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಅಂದು ಆ ಕಾಗದವನ್ನು ಮೂರು ಸಲ ತಿದ್ದಿ ಬರೆದೆ. ನೀನು ಮಾಡಬೇಕು, ನನ್ನ ಕೈಗೆ ಅಂಟಬಾರದು, ಅದೇ ನನಗೆ ಬೇಕಾಗಿತ್ತು. ಹೆಂಡತಿ ಮಕ್ಕಳನ್ನು ಆ ತೋಟಕ್ಕೆ ನಾನು ಒಮ್ಮೆಯೂ ಕರೆದೊಯ್ಯಲಿಲ್ಲ ಎಂಬುದು ನಿನಗೆ ಗೊತ್ತು. ನೀಲವ್ವನಿಗೆ ಇಂದಿಗೂ ಅವರು ಯಾರೆಂದು ತಿಳಿಯದು.

ಇದರ ಜೊತೆ ಪಂಪಮ್ಮನಿಗೆ ಒಂದು ಕಾಗದ ಇಟ್ಟಿದ್ದೇನೆ. ಮೊದಲ ಮಾತೇ ‘ತಂಗಿ’ ಎಂದು ಬರೆದಿದ್ದೇನೆ. ಗುಡಿಸಲಲ್ಲ, ಬಾವಿಯ ಕಡೆ ಕಲ್ಲಿನ ಮನೆ ಕಟ್ಟಿಸಿಕೊಡುತ್ತೇನೆ, ತಿರುಗಿ ಬನ್ನಿ ಎಂದು ಕೇಳಿದ್ದೇನೆ. ನೀನು ಮರಳಿಗೆ ಹೋಗಿ ಅವಳ ಕೈಗೇ ಕೊಡು. ದೀಪಾವಳಿಯ ಹೊತ್ತಿಗೆ ನಾನೇ ಬಂದು ಬೀಗರ ಎದುರಿಗೆ, ಊರವರ ಎದುರಿಗೆ, ಇವಳು ನನ್ನ ತಂದೆಯ ಮಗಳು ಎಂದು ಹೇಳುತ್ತೇನೆ. ಮುಚ್ಚಿದ್ದು ಸಾಕು.


ಯಲಬುರ್ಗಾ
೯ ಅಕ್ಟೋಬರ್ ೧೯೩೯

ಅಣ್ಣಾ,

ಮರಳಿಗೆ ಹೋಗಿ ಬಂದೆ. ನೀನು ದೀಪಾವಳಿಗೆ ಅಲ್ಲಿಗೆ ಹೋಗಬೇಡ. ಇದನ್ನು ಪೂರ್ತಿ ಓದುವ ಮೊದಲೇ ಈ ಮಾತು ನೆನಪಿಟ್ಟುಕೊ.

ಕಾಲುವೆಯ ಹತ್ತಿರ ಅವರದೊಂದು ಸಣ್ಣ ಮನೆಯಿದೆ. ನನ್ನನ್ನು ನೋಡಿ ದುರುಗವ್ವ ಚಾಪೆ ಹಾಸಿದಳು. ಹಾದಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಹೋಗಿ, “ತಪ್ಪಾತು” ಎಂದಷ್ಟೇ ಹೇಳಿದೆ. “ನೀರು ಕುಡೀರಿ ಅವ್ವಾರ” ಎಂದಳು.

ಪಂಪಮ್ಮ ನನ್ನಷ್ಟು ಎತ್ತರ ಆಗಿದ್ದಾಳೆ. ನಿನ್ನ ಕಾಗದ ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಎಲ್ಲಿಯೂ ತಡವರಿಸದೆ ಓದಿದಳು. ಓದಿ, ಮಡಚಿ, ಎದ್ದು ಹೋಗಿ ಒಲೆಯಲ್ಲಿ ಇಟ್ಟಳು. “ಸಿಟ್ಟಿಗಲ್ರೀ ಅವ್ವಾರ. ಇಂಥಾದ್ದು ಬರದಿದ್ದು ಮನ್ಯಾಗ ಇದ್ರ ನಮಗ ತ್ರಾಸು” ಎಂದಳು. ಅಕ್ಕ ಎನ್ನಲಿಲ್ಲ.

ದುರುಗವ್ವ ಆಗ ಬಾಯಿಬಿಟ್ಟಳು. ಅವಳ ಮಾತನ್ನು ಅವಳು ಆಡಿದ ಹಾಗೆಯೇ ಬರೆಯುತ್ತೇನೆ, ನಾನು ಒಂದನ್ನೂ ತಿದ್ದುವುದಿಲ್ಲ.

“ಗದ್ದ್ಯಾಗ ನಾ ಸುಳ್ಳು ಹೇಳಿದ್ದು ಅಣ್ಣಾರ ಸಲುವಾಗಿ ಅಲ್ರಿ. ನನ್ನ ಸಲುವಾಗಿ. ಗಂಡ ಸತ್ತಾನ, ಹೊಟ್ಟಿಪಾಡಿಗೆ ಬಂದೀನಿ ಅಂತ ಈ ಊರಾಗ ಹೇಳೀನಿ. ಅದು ಪೂರಾ ಸುಳ್ಳೂ ಅಲ್ಲ. ಎರಡು ವರ್ಷದಾಗ ನಾಕು ಮಂದಿ ನನ್ನ ಮನಿ ನೀರು ಕುಡಿಯೂಹಂಗ ಆಗೇನಿ. ಪಂಪಿಗೆ ಹುಡುಗ ಗೊತ್ತಾಗ್ಯಾನ, ಇಲ್ಲಿಯಾಂವನ, ಕಾಲುವಿ ನೀರು ಬಿಡಾಂವ. ಭಾಳ ಛಲೋ ಹುಡುಗ. ಅಣ್ಣಾರು ಬಂದು ಮಂದಿ ಮುಂದ ತಂಗಿ ಅಂತ ಕರದ್ರ ಅವರಿಗೆ ಹಗುರ ಆಗತೈತಿ, ಖರೆ. ಆಕಿ ಎಂಥಾಕಿ ಮಗಳು ಅಂತ ಕೇಳಿದವರಿಗೆ ನಾ ಏನು ಹೇಳ್ಲಿ? ಅವರ ಮಗಳ ಮದುವಿಗೆ ನಾವು ಕಣ್ಣಿಗೆ ಬೀಳಬಾರದಾಗಿತ್ತು, ಎದ್ದು ಬಂದ್ವಿ. ಈಗ ನನ್ನ ಮಗಳ ಮದುವಿಗೆ ಅವರು ಕಣ್ಣಿಗೆ ಬೀಳಬಾರದು. ಇಷ್ಟು ಹೇಳ್ರಿ ಅವರಿಗೆ. ಮನಿ ಬ್ಯಾಡ, ತ್ವಾಟ ಬ್ಯಾಡ.”

ನಾನು ಬಸ್ಸಿಗೆ ಹೊರಟಾಗ ಒಂದು ಎಲೆಯಲ್ಲಿ ರೊಟ್ಟಿ ಕಟ್ಟಿಕೊಟ್ಟಳು. ಮತ್ತೆ ಬರಲೇ ಎಂದು ಕೇಳಿದೆ. “ಮದುವಿ ಆಗ್ಲಿ, ಒಂದೆರಡು ವರ್ಷ ಹೋಗ್ಲಿ, ನೋಡೂಣು” ಎಂದಳು.


ಕೊಪ್ಪಳ
೨೭ ಮೇ ೧೯೪೦

ಕಳಕವ್ವಾ,

ಇಷ್ಟು ತಿಂಗಳು ಬರೆಯಲಿಲ್ಲ. ದುರುಗವ್ವ ಹೇಳಿದ ಹಾಗೆ ನಡೆದುಕೊಂಡೆ ಎಂದು ತಿಳಿಸುವುದಕ್ಕೆ ಈಗ ಬರೆಯುತ್ತಿದ್ದೇನೆ.

ಪಂಪಮ್ಮನ ಮದುವೆ ಮೊನ್ನೆ ಗುರುವಾರ ಮರಳಿಯಲ್ಲಿ ಆಯಿತು. ಗದ್ದೆಯ ಧಣಿಗಳೆಂದು ಬೀಗರ ಮನೆಯವರಿಗೆ ಕರೆ ಬಂದಿತ್ತು. ನಾನು ಆ ವಾರ ಗಂಗಾವತಿಯಲ್ಲೇ ಇದ್ದೆ. ಕರಿಬಸಪ್ಪನವರು, “ನಡೀರಿ ಬೀಗರ, ಬಂಡಿ ಹೂಡ್ಯಾರ, ಹೋಗಿ ಅಕ್ಕಿಕಾಳು ಹಾಕಿ ಬರೂಣು” ಎಂದರು. ವಕೀಲರ ತುರ್ತು ಕೆಲಸವಿದೆ ಎಂದು ಹೇಳಿ ಅವರ ಪಡಸಾಲೆಯಲ್ಲೇ ಹಾಳೆಗಳನ್ನು ಹರಡಿಕೊಂಡು ಕೂತೆ. ಕೆಲಸವಿರಲಿಲ್ಲ. ಸಂಜೆಯವರೆಗೂ ಒಂದೇ ಹಾಳೆಯನ್ನು ನೋಡುತ್ತಿದ್ದೆ.

ನೀಲವ್ವ ಅತ್ತೆಯ ಸಂಗಡ ಹೋಗಿದ್ದಳು. ಬಿಸಿಲಲ್ಲಿ ಮುಖ ಕೆಂಪಾಗಿ ಬಂದು, ನನಗೆ ನೀರು ಕೊಡುತ್ತ, ಮದುವೆ ಚೆನ್ನಾಗಿ ಆಯಿತು, ಹುಗ್ಗಿ ಭಾಳ ರುಚಿಯಾಗಿತ್ತು ಎಂದೆಲ್ಲ ಹೇಳಿದಳು. ಆಮೇಲೆ, “ಅಪ್ಪಾ, ಆ ಮದಲಗಿತ್ತಿ ನೋಡಿದ್ರ ನನಗ ಯಾಕೋ ಅಜ್ಜನ ನೆನಪಾತು ನೋಡು. ನಗೂಮುಂದ ಥೇಟ್ ಅಜ್ಜನ ಮುಖ” ಎಂದಳು.

ಬೀಗರು ಅಲ್ಲೇ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

“ಹೌದೇನವ್ವಾ?” ಎಂದೆ. ಅಷ್ಟೇ ಎಂದೆ. ಅವಳು ಖಾಲಿ ಚರಿಗೆ ತೆಗೆದುಕೊಂಡು ಒಳಗೆ ಹೋದಳು.